ನಿಂಗಾಜಮ್ಮನ ನೀರು

ನಮ್ಮೂರಿನಲ್ಲಿ ಹೊಸ ಮನೆಗೆ ಹೊಸ್ತಿಲು ಇಡುವ ದಿನ ಆ ಮನೆಯ ಹೆಂಗಸರೆಲ್ಲ ಬಾಯಿ ತುಂಬ ನೀರು ಹಿಡಿದು ನಿಲ್ಲಬೇಕು. ಉಗುಳುವಂತಿಲ್ಲ, ನುಂಗುವಂತಿಲ್ಲ. ಕೆನ್ನೆ ಉಬ್ಬಿಸಿಕೊಂಡು, ಮೂಗಿನಲ್ಲಿ ಉಸಿರಾಡುತ್ತ, ಆಚಾರಿಯ ಕೆಲಸ ಮುಗಿಯುವವರೆಗೂ ಹಾಗೇ ಇರಬೇಕು. ಊರಿನವರು ಅದನ್ನು ನಿಂಗಾಜಮ್ಮನ ನೀರು ಎಂದು ಕರೆಯುತ್ತಾರೆ. ನಿಂಗಾಜಮ್ಮ ನನ್ನ ಅಜ್ಜಿ. ಬೇರೆ ಊರುಗಳಲ್ಲಿ ಅಜ್ಜಿಯರ ಹೆಸರಿನಲ್ಲಿ ಕಟ್ಟೆ, ಬಾವಿ ಇರುತ್ತವಂತೆ. ನನ್ನ ಅಜ್ಜಿಯ ಹೆಸರಿನಲ್ಲಿ ಇರುವುದು ಬಾಯಿ ಮುಚ್ಚಿಸುವ ಒಂದು ಗುಟುಕು ನೀರು.

ನಾನು ಮಾತು ಕಡಿಮೆಯವಳು. ಕಾಲೇಜಿನಲ್ಲಿ ಮೂರು ವರ್ಷ ಹಾಜರಿ ಕೂಗಿದಾಗ ಕೈ ಎತ್ತಿದ್ದೇನೆಯೇ ಹೊರತು ಬಾಯಿ ತೆರೆದಿಲ್ಲ. ಡಿಗ್ರಿ ಮುಗಿಸಿ ತೋಟಕ್ಕೆ ಮರಳಿದ ಮೇಲೂ ನನ್ನ ಮಾತೆಲ್ಲ ಡೈರಿಯ ಜೊತೆಗೇ. ಅಷ್ಟು ಡೈರಿ ಬರೆಯಲು ನನಗೆ ಪುರುಸೊತ್ತು ಕೊಟ್ಟಿದ್ದು ನಮ್ಮ ಮನೆಯ ಮೆಟ್ಟಿಲು. ಶಾಲೆಯಿಂದ ಬಂದು, ಬಾಗಿಲು ತೆರೆದುಕೊಡುವವರು ಯಾರಾದರೂ ಬರಲಿ ಎಂದು ಅಲ್ಲೇ ಕಾಯುತ್ತ ಕೂತು ಬರೆದದ್ದು. ಹನ್ನೊಂದು ಡೈರಿ ತುಂಬುವಷ್ಟು ಕಾದಿದ್ದೇನೆ. ಅವುಗಳಲ್ಲಿ ಎಲ್ಲಿಯೂ ಸಿಟ್ಟು ಕಾಣದು. ಇದನ್ನು ಮಾತ್ರ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಹೊಸ್ತಿಲ ಮರವನ್ನು ಕೂರಿಸಿದ ಮೇಲೆ ಆಚಾರಿ ಕೊಡತಿಯಿಂದ ಅದನ್ನು ಮೂರು ಸಲ ಬಡಿದು, "ಯಾರ ಮನೆ?" ಎಂದು ಕೇಳುತ್ತಾನೆ. ಆಗ ಮೊದಲು ಬಿದ್ದ ಮಾತನ್ನು ಮನೆ ಇಟ್ಟುಕೊಳ್ಳುತ್ತದೆ. ಆಮೇಲೆ ಹೊರಗಿನಿಂದ ಬಾಗಿಲು ತೆರೆಯುವುದು ಆ ಮಾತಿಗೆ ಸೇರಿದವರಿಗೆ ಮಾತ್ರ. ಒಳಗಿದ್ದವರು ಯಾರು ಬೇಕಾದರೂ ತೆರೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಅಡ್ಡ ಕಲ್ಲು ಇಟ್ಟರೂ ಒರಳು ಇಟ್ಟರೂ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಸಂತೆಬೀದಿಯ ದರ್ಜಿ ಕಾಳಪ್ಪನವರ ಮನೆಗೆ ಹೊಸ್ತಿಲು ಇಡುವಾಗ ಶಿರಸ್ತೇದಾರರು ನೋಡಲು ಬಂದಿದ್ದರು. ಆಚಾರಿ "ಯಾರ ಮನೆ?" ಎಂದ. ಕಾಳಪ್ಪ ಕೈ ಮುಗಿದು, "ಎಲ್ಲಾ ತಮ್ದೇ ಸ್ವಾಮಿ" ಎಂದುಬಿಟ್ಟರು. ಶಿರಸ್ತೇದಾರರಿಗೆ ಈಗ ಎಂಬತ್ತು ದಾಟಿದೆ. ಕಾಳಪ್ಪನ ಮನೆಯವರೆಲ್ಲ ಮದುವೆ ಮುಂಜಿಗೆ ಹೋಗಿ ಬಂದಾಗ, ಪಾಪ, ಅವರು ಕೋಲೂರಿಕೊಂಡು ಬಂದು ಬಾಗಿಲು ನೂಕಿ ಹೋಗುತ್ತಾರೆ. ಕುಂಬಾರಗೇರಿಯಲ್ಲಿ ಒಬ್ಬರು ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, "ಇರಪ್ಪಾ, ಬಂದೆ" ಎಂದಿದ್ದರು. ಆ ಮನೆಯ ಬಾಗಿಲು ಇವತ್ತಿಗೂ ಅರ್ಧ ತೆರೆದುಕೊಂಡು ಯಾರಿಗೋ ಕಾಯುತ್ತಿದೆ.

ಇವರ ತಪ್ಪುಗಳನ್ನು ಊರು ನಗುತ್ತ ಹೇಳಿಕೊಳ್ಳುತ್ತದೆ. ಕಾಳಪ್ಪನ ಹೆಸರಿನಲ್ಲಿ ಯಾವ ಶಾಸ್ತ್ರವೂ ಹುಟ್ಟಲಿಲ್ಲ. ಗಂಡಸರು ಬಾಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳಬಾರದು ಎಂದೂ ಯಾರೂ ಕಟ್ಟುಪಾಡು ಮಾಡಲಿಲ್ಲ. ನನ್ನ ಅಜ್ಜಿ ಆಡಿದ ಒಂದೇ ಒಂದು ಮಾತಿಗೆ ಮಾತ್ರ ಊರಿನ ಹೆಂಗಸರೆಲ್ಲ ನೀರು ಹಿಡಿಯಬೇಕಾಯಿತು.

ಊರು ಹೇಳುವ ಕತೆ ಇಷ್ಟು. ಹದಿನಾರರ ಸೊಸೆ ನಿಂಗಾಜಮ್ಮ ಆರತಿ ತಟ್ಟೆ ಹಿಡಿದು ಹೊಸ್ತಿಲ ಬಳಿ ನಿಂತಿದ್ದಳು. ಆಚಾರಿ ಕೇಳಿದ. ಗಂಡಸರು ಹೇಳಬೇಕಾದ ಜಾಗದಲ್ಲಿ ಇವಳು ಬಾಯಿ ಹಾಕಿದಳು. ಗಂಡನ ಹೆಸರು ಮರಿಬಸಪ್ಪ. ಅದನ್ನು ಹೇಳುವ ಹಾಗಿಲ್ಲವಲ್ಲ. ಹೇಳಿದರೆ ಗಂಡನ ಆಯಸ್ಸು ಕರಗುತ್ತದೆ ಎಂದು ತೊಟ್ಟಿಲಿನಿಂದಲೂ ಕೇಳಿದ್ದಾಳೆ. ಅದಕ್ಕೆ ತಲೆ ತಗ್ಗಿಸಿ, "ಅವರದು" ಎಂದಳು.

ಅಂದಿನಿಂದ ನಮ್ಮ ಮನೆ ಅವರದು. ಅವರು ಎಂದರೆ ಯಾರು? ನಮ್ಮನ್ನು ಬಿಟ್ಟು ಉಳಿದವರು. ಅಂಚೆಯವರು ಬಂದರೆ ಬಾಗಿಲು ಬೆರಳು ಸೋಕಿದರೆ ಸಾಕು, ತೆರೆದುಕೊಳ್ಳುತ್ತದೆ. ಬಳೆಗಾರನಿಗೆ ತೆರೆದುಕೊಳ್ಳುತ್ತದೆ. ಒಮ್ಮೆ ಕಳ್ಳನಿಗೂ ತೆರೆದುಕೊಂಡಿತು. ಅವನು ಹಿತ್ತಾಳೆ ಕೊಳಗ ಹೊತ್ತುಕೊಂಡು ಹೋಗುವಾಗ ಎದುರು ಸಿಕ್ಕಿದ ದೊಡ್ಡಪ್ಪ ಗುರುತಿಲ್ಲದೆ, "ಸ್ವಾಮಿ, ಹಾಗೇ ಒಂದ್ನಿಮಿಷ ಬಂದು ನಮ್ ಬಾಗ್ಲು ನೂಕ್ಕೊಟ್ಟು ಹೋಗಿ" ಎಂದು ಕೇಳಿಕೊಂಡರಂತೆ. ಅವನೂ ನೂಕಿಕೊಟ್ಟು ಹೋದನಂತೆ. ನನ್ನ ಅಮ್ಮ ಮದುವೆಯಾಗಿ ಬಂದ ದಿನ ಅವಳು ಕಾಲಿಡುವ ಮೊದಲೇ ಬಾಗಿಲು ತೆರೆದಿತ್ತು. ಮಾರನೆಯ ದಿನ ಅತ್ತೆಮನೆಯವರೆಲ್ಲ, "ಇನ್ನು ಇವಳು ನಮ್ಮವಳು" ಎಂದರು. ಅವತ್ತು ನೀರು ತರಲು ಹೋಗಿ ಬಂದವಳಿಗೆ ಬಾಗಿಲು ತೆರೆಯಲಿಲ್ಲ. ನಮ್ಮವಳಾದ ಗುರುತಾಗಿ ಅವಳಿಗೆ ಸಿಕ್ಕಿದ್ದು ಅಷ್ಟೇ.

ಐವತ್ತೆರಡು ವರ್ಷ ಈ ಬಾಗಿಲಿನ ಎದುರು ನಿಂತವರೆಲ್ಲ ಅಜ್ಜಿಯನ್ನು ಒಂದು ಮಾತು ಅಂದೇ ಒಳಗೆ ಹೋಗಿದ್ದಾರೆ. ಅಜ್ಜಿ ಒಂದು ದಿನವೂ ಎದುರು ಮಾತಾಡಿದ್ದಿಲ್ಲ. ಆಗಾಗ ಕೊಟ್ಟಿಗೆಗೆ ಹೋಗುತ್ತಿದ್ದಳು. ಕೊಟ್ಟಿಗೆಗೆ ಯಾರೂ ಹೊಸ್ತಿಲು ಇಡುವುದಿಲ್ಲ, ಯಾರ ಮನೆ ಎಂದು ಕೇಳುವುದೂ ಇಲ್ಲ. ಅದರ ತಡಿಕೆ ಬಾಗಿಲನ್ನು ಅಂಗೈಯಿಂದ ನೂಕುವಳು, ಒಳಗೆ ಹೋಗುವಳು, ಬರುವಳು, ಮತ್ತೆ ನೂಕುವಳು. ಒಳಗೆ ಅವಳಿಗೆ ಕೆಲಸವೇನೂ ಇರುತ್ತಿರಲಿಲ್ಲ. ಇದನ್ನು ನೋಡಿದವಳು ನಾನೊಬ್ಬಳೇ. ಎರಡನೇ ಡೈರಿಯಲ್ಲಿ ಬರೆದಿದ್ದೇನೆ: "ಅಜ್ಜಿ ಇವತ್ತು ಕೊಟ್ಟಿಗೆ ಬಾಗಿಲು ಏಳು ಸಲ ನೂಕಿದಳು." ಆಗ ನನಗೆ ಹತ್ತು ವರ್ಷ. ಅದೊಂದು ಆಟ ಎಂದುಕೊಂಡಿದ್ದೆ.

ಹೊಸ ಮನೆಯ ಮಾತು ಬಂದದ್ದು ಹೋದ ವರ್ಷದ ಅರಿಶಿನದ ಕಾಲದಲ್ಲಿ. ಐದು ತಲೆಮಾರಿನಿಂದ ನಮ್ಮ ತೋಟದಲ್ಲಿ ಅರಿಶಿನವೇ. ಬೇಯಿಸಿದ ಕೊಂಬನ್ನು ಕಣದಲ್ಲಿ ಹರಡಿ ಎಲ್ಲರೂ ಹೊಲದಲ್ಲಿದ್ದೆವು. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹುಯ್ಯಿತು. ಗೋಣಿತಾಟು ಮನೆಯೊಳಗೆ, ನಾವೆಲ್ಲ ಹೊರಗೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ದೊಡ್ಡಪ್ಪ, ಅಪ್ಪ, ದೊಡ್ಡಮ್ಮ, ಅಮ್ಮ, ಅಜ್ಜಿ, ನಾನು, ಆರು ಜನ ಸೂರಿನ ಕೆಳಗೆ ಸಾಲಾಗಿ ನಿಂತು, ನಮ್ಮ ಅರಿಶಿನ ಹಳದಿ ನೀರಾಗಿ ಹರಿದು ಹೋಗುವುದನ್ನು ನೋಡಿದೆವು. ಕೊನೆಗೆ ಬಳೆಗಾರ ಬಂದ, ಬಾಗಿಲು ನೂಕಿದ, ತಾನೇ ಮೊದಲು ಒಳಗೆ ಹೋಗಿ ತಲೆ ಒರೆಸಿಕೊಂಡ.

"ನಮ್ ಮನೇಗ್ ನಾವ್ ಹೋಗಕ್ಕೆ ಬಳೆ ಮಾರೋನ್ ದಾರಿ ಕಾಯ್ಬೇಕಾ?" ದೊಡ್ಡಪ್ಪ ಗುಡುಗಿದರು. ಅಪ್ಪನ ಅಣ್ಣ ಗುರುಮಲ್ಲಪ್ಪನವರು ಅವರು. ನಮ್ಮ ಮನೆಯಲ್ಲಿ ಗುಡುಗುವುದು ಅವರೊಬ್ಬರೇ. "ಆಯ್ತು ಕಣ್ರಯ್ಯ. ಈ ದರಿದ್ರದ್ ಮನೆ ಸಾಕು. ಕಣದ್ ದಿಬ್ಬದ್ಮೇಲೆ ಹೊಸ್ದು ಕಟ್ಟೋಣ." ಹೇಳುತ್ತ ಅಜ್ಜಿಯ ಕಡೆ ನೋಡಿದರು. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಸೆರಗು ಹಿಂಡಿಕೊಳ್ಳುತ್ತಿದ್ದಳು.

ಮನೆಯ ನಕ್ಷೆ ಬರೆದವಳು ನಾನು. ಯಾರೂ ಬರೆ ಎನ್ನಲಿಲ್ಲ. ಚೌಕುಳಿ ಹಾಳೆಯಲ್ಲಿ ಬರೆದು ಅಪ್ಪನ ಊಟದ ತಟ್ಟೆಯ ಪಕ್ಕ ಇಟ್ಟೆ. ಅಡುಗೆಮನೆಯ ಕಿಟಕಿ ಬಾವಿಯ ಕಡೆಗೆ, ಪಡಸಾಲೆಯಿಂದ ಇಡೀ ತೋಟ ಕಾಣುವ ಹಾಗೆ, ಅಜ್ಜಿಯ ಕೋಣೆ ಮುಂಬಾಗಿಲಿನಿಂದ ಮೂರೇ ಹೆಜ್ಜೆ. ದೊಡ್ಡಪ್ಪ ಅದನ್ನು ಗಾರೆ ಮೇಸ್ತ್ರಿಗೆ ಕೊಡುವಾಗ, "ನಮ್ ಲೋಕೇಶನ್ ಕಡೆಯೋರು ಮಾಡ್ಸಿದ್ ಪ್ಲ್ಯಾನು" ಎಂದರು. ಲೋಕೇಶಣ್ಣ ದೊಡ್ಡಪ್ಪನ ಮಗ, ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ನಕ್ಷೆಯನ್ನು ಅವನು ಕಣ್ಣಿನಿಂದಲೂ ನೋಡಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಪಾಯ ತೋಡಿದಾಗ ಒಳಗಿನ ಮಣ್ಣೂ ಹಳದಿಯಾಗಿತ್ತು. ನಮ್ಮವರ ನೂರು ವರ್ಷದ ಅರಿಶಿನ ಕೆಳಗಿಳಿದು ಕೂತಿತ್ತು. ಗೋಡೆ ಏಳುತ್ತಿದ್ದಂತೆ ನೀರು ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು. ಬೆಳಗ್ಗೆ ಸಂಜೆ ಕೊಳವೆ ಹಿಡಿದು ಗೋಡೆ ನೆನೆಸಿದೆ. ನೋಡಲು ಬಂದವರಿಗೆಲ್ಲ ದೊಡ್ಡಪ್ಪ, "ನಮ್ ಇಂದುಮತಿ ನೋಡಿ, ಚೆನ್ನಾಗ್ ನೀರ್ ಹೊಡೀತಾಳೆ" ಎನ್ನುತ್ತಿದ್ದರು. ಹದಿನೈದು ವರ್ಷ ಓದಿದ್ದಕ್ಕೆ ಸಿಕ್ಕ ಸರ್ಟಿಫಿಕೇಟು ಅದು.

ಹೊಸ್ತಿಲು ಕೆತ್ತಲು ಬಂದವರು ಸಿದ್ದಾಚಾರಿ. ಹಳೇ ಮನೆಯ ಹೊಸ್ತಿಲನ್ನು ಬಡಿದು ಕೇಳಿದವರು ಅವರ ಅಪ್ಪ. ಸಿದ್ದಾಚಾರಿ ಮರಕ್ಕೆ ಉಳಿ ಹಾಕುತ್ತ ತಮ್ಮಷ್ಟಕ್ಕೆ ಮಾತಾಡುತ್ತಿರುತ್ತಾರೆ. ನನ್ನಂಥವಳು ಪಕ್ಕದಲ್ಲಿ ನೀರು ಹೊಡೆಯುತ್ತಿದ್ದರೆ ಅವರಿಗೆ ಇನ್ನೂ ಅನುಕೂಲ.

"ನಿಮ್ಮಜ್ಜೀನ ಕಂಡ್ರೆ ನಮ್ಮಪ್ಪ ತಲೆ ಬಗ್ಗಿಸ್ಕೊಂಡ್ ಹೋಗ್ತಿದ್ದ ಕಣವ್ವ" ಎಂದರು ಒಂದು ದಿನ. ನಾನು ಕೊಳವೆ ಮಡಚಿ ನೀರು ನಿಲ್ಲಿಸಿದೆ. "ಸಾಯೋ ತನ್ಕ ಹೇಳ್ತಿದ್ದ. ತಪ್ಪು ಆ ಮಗೂದಲ್ಲ, ನಂದು ಅಂತ. ಅವತ್ತು ಹೊಸ್ತಿಲ್ ಕೂರ್ಸಿದ್ದಾಯ್ತು, ಗಂಡಸ್ರು ಒಬ್ರೂ ಇಲ್ಲ. ಬಾಗ್ಲು ಪೂರ್ವಕ್ಕಾ ಉತ್ತರಕ್ಕಾ ಅಂತ ಹುಣಸೇಮರದ್ ಕೆಳಗೆ ಕಿತ್ತಾಡ್ತಾ ಕೂತವ್ರೆ. ಇಲ್ಲಿ ಹೊಸ್ತಿಲ್ ಇಟ್ಟಾಗದೆ, ಅಲ್ಲಿ ಇನ್ನೂ ದಿಕ್ಕು ನೋಡ್ತಾವ್ರೆ! ಮುಹೂರ್ತ ಮೀರ್ತದೆ ಅಂತ ನಮ್ಮಪ್ಪಂಗೆ ಗಾಬ್ರಿ. ಎದ್ರಿಗೆ ನಿಂತಿದ್ದು ಈ ಮಗು ಒಂದೇ. ಅದ್ರ ಮುಖ ನೋಡ್ಕೊಂಡೇ ಕೇಳ್ಬುಟ್ಟ. ಕೇಳಿದ್ಮೇಲೆ ಅದು ಏನಂತ ಹೇಳ್ಬೇಕಿತ್ತು ಹೇಳು? ಗಂಡನ್ ಹೆಸ್ರು ಹೇಳಂಗಿಲ್ಲ, ತನ್ ಹೆಸ್ರು ಹೇಳೋದು ಗೊತ್ತಿಲ್ಲ."

ಐವತ್ತೆರಡು ವರ್ಷ ಈ ಕತೆ ಊರಿನ ಬಾಯಲ್ಲಿ ಓಡಾಡಿದೆ. ಹುಣಸೇಮರ ಒಂದು ಸಲವೂ ಅದರಲ್ಲಿ ಬಂದಿಲ್ಲ. ಬಾಯಿ ಹಾಕಿದಳು ಎಂದರೇ ಹೊರತು ಕೇಳಿದ್ದಕ್ಕೆ ಹೇಳಿದಳು ಎಂದು ಯಾರೂ ಅನ್ನಲಿಲ್ಲ. ಹೆಸರು ಹೇಳಬೇಡ ಎಂದು ಕಲಿಸಿದವರೂ ಅವರೇ, ಹೆಸರು ಹೇಳಲಿಲ್ಲ ಎಂದು ಬೈದವರೂ ಅವರೇ. ನನ್ನ ಕೈಯಲ್ಲಿದ್ದ ಕೊಳವೆ ಯಾವಾಗ ಸಡಿಲಾಯಿತೋ, ನೀರು ಸಿದ್ದಾಚಾರಿಯ ಉಳಿಪೆಟ್ಟಿಗೆಯೊಳಗೆ ಬೀಳುತ್ತಿತ್ತು. "ಅಯ್ಯಯ್ಯೋ, ಗೋಡೆಗ್ ಹೊಡಿಯವ್ವ, ನನಗ್ಯಾಕೆ!" ಎಂದರು ಅವರು.

ಅಪ್ಪನ ಬಳಿ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಇರಲಿಲ್ಲ. ಡೈರಿಯ ಹಾಳೆಯಲ್ಲಿ ಬರೆದು ಅವರ ಅಂಗಿಯ ಜೇಬಿನಲ್ಲಿಟ್ಟೆ. "ಹೊಸ ಮನೆಗೆ ಅಜ್ಜಿಯ ಹೆಸರು ಹೇಳಿ. ನಿಂಗಾಜಮ್ಮನ ಮನೆ, ಅವಳ ಮಕ್ಕಳು ಮೊಮ್ಮಕ್ಕಳೆಲ್ಲರ ಮನೆ ಎನ್ನಿ. ಅವಳು ಒಂದು ಸಲವಾದರೂ ತನ್ನ ಕೈಯಿಂದ ಬಾಗಿಲು ತೆರೆಯಲಿ." ಅಪ್ಪ ಅದನ್ನು ಓದಿದ್ದನ್ನು ಕಂಡೆ. ಓದಿ, ನಾಲ್ಕು ಮಡಿಕೆ ಮಾಡಿ ಮತ್ತೆ ಜೇಬಿಗಿಟ್ಟುಕೊಂಡರು. ಅಪ್ಪ ಯಾವುದನ್ನೂ ಹರಿಯುವವರಲ್ಲ, ಯಾವುದನ್ನೂ ಹೇಳುವವರೂ ಅಲ್ಲ. ನಾನು ಅವರ ಮಗಳು. ಆದರೂ ಎರಡು ದಿನ ಬಿಟ್ಟು ಅಣ್ಣನ ಎದುರು ಅದನ್ನು ತೆಗೆದಿಟ್ಟರು. ನಾನು ಕಣದ ಗೋಡೆಯ ಆಚೆ ಇದ್ದೆ.

"ಯಾರ್ ಬರ್ದಿದ್ದು? ಇಂದುನಾ?" ದೊಡ್ಡಪ್ಪನ ನಗು ಕೇಳಿಸಿತು. "ಅವ್ವ ಒಂದ್ ಮನೆ ಕೆಡ್ಸಿದ್ದು ಸಾಲ್ದಾ? ಇನ್ನೊಂದೂ ಕೊಡ್ಬೇಕಾ? ಲೇ ತಮ್ಮ, ವಯಸ್ಸಾದೋರು ಎಷ್ಟ್ ದಿನ ಇರ್ತಾರೆ? ನಿನ್ ಮಗ್ಳು ನಾಳೆ ಇನ್ನೊಬ್ರ ಮನೇಗ್ ಹೋಗೋಳು. ಗಂಡು ಅಂತ ಈ ಮನೇಲಿ ಇರೋನು ಲೋಕೇಶ ಒಬ್ನೇ. ಗುರುಮಲ್ಲಪ್ಪನ ಮನೆ, ಅವನ ಗಂಡುಮಕ್ಕಳ ಮನೆ. ಅಷ್ಟು ಹೇಳಿದ್ರೆ ಮುಗೀತು."

"ಮತ್ತೆ ನಾನು?" ಅಪ್ಪ ಕೇಳಿದರು. ಎಷ್ಟು ಮೆಲ್ಲಗೆ ಎಂದರೆ, ನನಗೇ ಸರಿಯಾಗಿ ಕೇಳಿಸಲಿಲ್ಲ.

"ನಿನಗ್ ನಾನ್ ತೆಗೀತೀನಲ್ಲೋ ಬಾಗ್ಲು! ಅಣ್ಣ ಅಂತ ಇರೋದ್ಯಾಕೆ?"

ಅಪ್ಪ ಎದ್ದು ಹೋದ ಸದ್ದು ಕೇಳಿಸಿತು. ಅವರಿಗೂ ಬಾಯಲ್ಲಿ ನೀರಿತ್ತೋ ಏನೋ. ನಾನು ಅವತ್ತು ಡೈರಿ ಬರೆಯಲಿಲ್ಲ. ಕೊಳವೆ ಹಿಡಿದು, ಆಗಲೇ ನೆಂದಿದ್ದ ಗೋಡೆಯನ್ನು ಮತ್ತೊಮ್ಮೆ ನೆನೆಸಿದೆ. ನಾನು ಬರೆದ ಮನೆ, ನಾನು ನೆನೆಸಿದ ಗೋಡೆ. ಇದರ ಮೆಟ್ಟಿಲ ಮೇಲೂ ನಾನೇ ಕೂರಬೇಕು. ಪಕ್ಕದಲ್ಲಿ ಅಜ್ಜಿಯೂ ಕೂರಬೇಕು, ಟೈರ್ ಅಂಗಡಿ ಮುಚ್ಚಿ ಲೋಕೇಶಣ್ಣ ಬರುವವರೆಗೆ.

ಹೊಸ್ತಿಲಿನ ದಿನ ನಾಲ್ಕು ಜನ ಹೆಂಗಸರನ್ನು ಸಾಲಾಗಿ ನಿಲ್ಲಿಸಿದರು. ದೊಡ್ಡಮ್ಮ, ಅಮ್ಮ, ನಾನು, ಕೊನೆಯಲ್ಲಿ ಅಜ್ಜಿ. ಒಂದೇ ಚೊಂಬಿನಿಂದ ಎಲ್ಲರಿಗೂ ನೀರು. ಬೇರೆ ಹೆಂಗಸರಿಗೆ ಇದು ಶಾಸ್ತ್ರ, ಅಜ್ಜಿಗೆ ಮಾತ್ರ ಶಿಕ್ಷೆ. ನೋಡಲು ಬಂದಿದ್ದವರು ಅವಳ ಮುಖವನ್ನೇ ನೋಡುತ್ತಿದ್ದರು. "ಅಗೋ, ನೀರಿನ್ ಯಜಮಾನ್ತಿ" ಎಂದು ಯಾರೋ ಅಂದರು, ಉಳಿದವರು ನಕ್ಕರು. ಅಜ್ಜಿಯ ಬಾಯಲ್ಲಿ ಮೇಲಿನ ಹಲ್ಲುಗಳಿಲ್ಲ. ನೀರು ನಿಲ್ಲದೆ ತುಟಿಯ ಮೂಲೆಯಿಂದ ಸಣ್ಣಗೆ ಜಿನುಗುತ್ತಿತ್ತು. ಅವಳು ಸೆರಗಿನಿಂದ ಒತ್ತಿಕೊಳ್ಳುತ್ತಿದ್ದಳು.

ದೊಡ್ಡಪ್ಪ ಹೊಸ ಪಂಚೆ ಉಟ್ಟು, ಶಲ್ಯ ಹೊದ್ದು ಬಂದರು. ಬಂದವರು ಸೀದಾ ಹೊಸ್ತಿಲ ಬಳಿ ಹೋಗಲಿಲ್ಲ. ಸಾಲಿನ ಕೊನೆಗೆ ನಡೆದು, ಬಗ್ಗಿ, ಅಜ್ಜಿಯ ಕೆನ್ನೆಯನ್ನು ಎರಡು ಬೆರಳಿನಿಂದ ತಟ್ಟಿ ನೋಡಿದರು. ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ. "ಹೂಂ, ಇದೆ" ಎಂದು ಸಿದ್ದಾಚಾರಿಗೆ ಸನ್ನೆ ಮಾಡಿದರು.

ಹೆತ್ತ ತಾಯಿಯ ಕೆನ್ನೆ ಅದು.

ಸಿದ್ದಾಚಾರಿ ಕೊಡತಿ ಎತ್ತಿದರು. ಒಂದು. ಎರಡು. ಮೂರು. "ಯಾರ ಮನೆ?"

ದೊಡ್ಡಪ್ಪನಿಗೆ ಯಾವ ಮಾತಿಗೂ ಮೊದಲು ಗಂಟಲು ಸರಿ ಮಾಡಿಕೊಂಡು, ಶಲ್ಯ ಕೊಡವಿ, ಸುತ್ತ ಒಮ್ಮೆ ನೋಡುವ ಅಭ್ಯಾಸ. ಶಲ್ಯ ಕೊಡವಿದರು. ಅಷ್ಟರಲ್ಲಿ ನನ್ನ ಬಾಯಲ್ಲಿದ್ದ ನೀರು ಗಂಟಲಲ್ಲಿ ಇಳಿದು ಹೋಗಿತ್ತು. ನುಂಗಬೇಕು ಎಂದು ನುಂಗಿದೆನೋ, ತಾನಾಗಿ ಇಳಿಯಿತೋ ಹೇಳಲಾರೆ. ಹೇಳಬೇಕಾದ ಮಾತು ನನಗೆ ಗೊತ್ತಿತ್ತು, ಚೀಟಿಯಲ್ಲಿ ಬರೆದಿದ್ದೆನಲ್ಲ. ನಿಂಗಾಜಮ್ಮನ ಮನೆ. ಬಾಯಿ ತೆರೆದೆ. ಹೆಸರು ಬರಲಿಲ್ಲ. ಹುಟ್ಟಿದಾಗಿನಿಂದ ಅಜ್ಜಿ ಎಂದು ಕರೆದವಳನ್ನು ಅಷ್ಟು ಜನರ ಎದುರು, ಅವಳು ಪಕ್ಕದಲ್ಲೇ ನಿಂತಿರುವಾಗ, ಹೆಸರು ಹಿಡಿದು ಕೂಗುವುದು ಹೇಗೆ? ಬರೆಯಬಹುದು, ಕೂಗಲು ಬರುವುದಿಲ್ಲ. ಐವತ್ತೆರಡು ವರ್ಷದ ಹಿಂದೆ ಅವಳ ನಾಲಿಗೆಯನ್ನು ಹಿಡಿದದ್ದೇ ನನ್ನ ನಾಲಿಗೆಯನ್ನೂ ಹಿಡಿದುಕೊಂಡಿತು. ಎದುರಿಗೆ ದೊಡ್ಡಪ್ಪನ ತುಟಿ ತೆರೆಯುತ್ತಿತ್ತು. ನನಗೆ ಎಲ್ಲಿಲ್ಲದ ರೋಷ ಬಂತು.

"ಅಜ್ಜೀನ ಕೇಳಿ!" ಎಂದು ಚೀರಿದೆ.

ಆಮೇಲೆ ದೊಡ್ಡಪ್ಪ ಹೇಳಿದರು. ಗುರುಮಲ್ಲಪ್ಪನ ಮನೆ, ಅವನ ಗಂಡುಮಕ್ಕಳ ಮನೆ. ಒಂದಲ್ಲ, ಮೂರು ಸಲ ಹೇಳಿದರು, ಪ್ರತಿ ಸಲ ಇನ್ನೂ ಜೋರಾಗಿ. ಸಿದ್ದಾಚಾರಿ ಕೊಡತಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. "ಯಜಮಾನ್ರೆ, ಕೂಗ್ಬೇಡಿ. ಅದು ಆಗ್ಲೇ ಕೇಳಿಸ್ಕೊಂಡಾಯ್ತು."

"ಇನ್ನೊಂದ್ಸಲ ಬಡೀರಿ!"

"ಒಂದ್ ಮನೆಗೆ ಒಂದೇ ಸಲ. ಅದ್ ನಿಮಗೂ ಗೊತ್ತು. ನಿಮ್ಮವ್ವನ್ ಕಾಲದಲ್ಲಿ ಎರಡ್ನೇ ಸಲ ಬಡಿಯಂಗಿದ್ದಿದ್ರೆ ನಾವ್ಯಾಕ್ ಇವತ್ತು ಇಲ್ಲಿರ್ತಿದ್ವಿ?"

ಅಮ್ಮ ಬಾಯಲ್ಲಿ ನೀರು ಇಟ್ಟುಕೊಂಡೇ ಅಳುತ್ತಿದ್ದಳು. ಅಜ್ಜಿ ಮಾತ್ರ ನನ್ನ ಕಡೆ ತಿರುಗಿ, ಪಾಯದ ಹಳದಿ ಮಣ್ಣಿನ ಮೇಲೆ ಪಿಚಕ್ಕನೆ ನೀರು ಉಗಿದಳು.

ಉಳಿದ ಕೆಲಸ ಯಾರ ಮಾತೂ ಇಲ್ಲದೆ ಮುಗಿಯಿತು. ಪ್ರವೇಶದ ದಿನ ಸಿದ್ದಾಚಾರಿ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಮೊದಲು ಹಸುವನ್ನು ಬಿಟ್ಟರು. ಅದು ಬಾಗಿಲು ಮೂಸಿ, ಮೆಟ್ಟಿಲ ಮೇಲೆ ಸಗಣಿ ಹಾಕಿ ಹಿಂದಕ್ಕೆ ಬಂತು. ದೊಡ್ಡಪ್ಪ ಅಂಗೈ ಇಟ್ಟು ನೂಕಿದರು, ಆಮೇಲೆ ಹೆಗಲು ಕೊಟ್ಟರು. ಲೋಕೇಶಣ್ಣ ಕಾಲಿನಿಂದ ಒದ್ದ. ಹಾಲು ಉಕ್ಕಿಸುವ ಮುಹೂರ್ತ ಮೀರುತ್ತಿತ್ತು.

"ಅವತ್ತೇ ಹೇಳಿದ್ಳಲ್ಲ ಮಗು" ಎಂದರು ಸಿದ್ದಾಚಾರಿ, ಬೀಡಿ ಹಚ್ಚುತ್ತ. "ಕೇಳ್ಬೇಕು. ಅಷ್ಟೇಯ."

ಆಗ ಅಪ್ಪ ಗುಂಪಿನಿಂದ ಈಚೆ ಬಂದರು. ಹಾಲಿನ ಪಾತ್ರೆ ಅವರ ಕೈಯಲ್ಲೇ ಇತ್ತು. "ಅವ್ವಾ, ಒಳಕ್ಕೆ ಹೋಗ್ಲಾ?" ಎಂದು ಕೇಳಿದರು. ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದರು.

"ಹೂಂ, ಹೋಗಪ್ಪ" ಎಂದಳು ಅಜ್ಜಿ. ಆದರೆ ಅಪ್ಪ ಮುಂದೆ ಹೋಗದೆ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು. ಅಜ್ಜಿ ಸಗಣಿ ದಾಟಿ ಮೆಟ್ಟಿಲು ಹತ್ತಿದಳು, ಕೊಟ್ಟಿಗೆಯ ಬಾಗಿಲಿಗೆ ಇಡುವ ಹಾಗೆ ಅಂಗೈ ಇಟ್ಟಳು. ಬಾಗಿಲು ತೆರೆಯಿತು. ಅವಳು ಒಳಗೆ ಹೋದಳು, ತಕ್ಷಣ ಹೊರಗೆ ಬಂದಳು, ಬಾಗಿಲು ಮುಚ್ಚಿಕೊಂಡ ಮೇಲೆ ಮತ್ತೆ ನೂಕಿದಳು. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಹೇಳುತ್ತಲೇ ಇದ್ದರು. ನಾನು ಎಣಿಸಿದೆ. ಏಳು ಸಲ.

ಒಬ್ಬೊಬ್ಬರಾಗಿ ಅವಳನ್ನು ಕೇಳಿ ಒಳಗೆ ಹೋದರು. ದೊಡ್ಡಮ್ಮ ಕೇಳಿದಳು, ಅಮ್ಮ ಕೇಳಿದಳು, ಪುರೋಹಿತರೂ ಕೇಳಿದರು. ಲೋಕೇಶಣ್ಣ ಗೊಣಗಿದ ಹಾಗೆ ಕೇಳಿದ. ದೊಡ್ಡಪ್ಪ ಮಾತ್ರ ಕೇಳಲಿಲ್ಲ. "ನನ್ ದುಡ್ಮೆ ಮನೇಗ್ ನಾನ್ ಅಪ್ಪಣೆ ಕೇಳ್ಬೇಕಾ?" ಎಂದು ಚಾಪೆ ದಿಂಬು ಎತ್ತಿಕೊಂಡು ಹಳೇ ಮನೆಗೆ ನಡೆದರು. ಅಲ್ಲಿ ಬಾಗಿಲು ಅವರ ಬೆರಳು ಸೋಕುವ ಮೊದಲೇ ತೆರೆದುಕೊಂಡಿತಂತೆ. ಎರಡು ದಿನ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದರು. "ನೋಡ್ರಯ್ಯಾ, ಇಷ್ಟ್ ವರ್ಷಕ್ಕೆ ಮನೆ ಸರಿಹೋಯ್ತು! ಯಜಮಾನ ಯಾರು ಅಂತ ಅದಕ್ಕೀಗ ಗೊತ್ತಾಯ್ತು!" ಸಿದ್ದಾಚಾರಿಯೇ ಹೇಳಬೇಕಾಯಿತು. "ಇಲ್ಲ ಯಜಮಾನ್ರೆ. ಮನೆ ಬಿಟ್ಟು ಹೋದ್ರಲ್ಲ, ಅದಕ್ಕೆ ನೀವೀಗ ಹೊರಗಿನವ್ರು."

ಊರು ಸುಮ್ಮನೆ ಕೂರಲಿಲ್ಲ. ಹದಿನೈದೇ ದಿನದಲ್ಲಿ ಹೊಸ ಕಟ್ಟುಪಾಡು ಬಂತು. ಹೊಸ್ತಿಲಿನ ದಿನ ಹೆಂಗಸರು ನೀರು ಹಿಡಿಯುವುದು ಇದ್ದೇ ಇದೆ. ಡಿಗ್ರಿ ಓದಿದ ಹುಡುಗಿ ಮನೆಯಲ್ಲಿದ್ದರೆ ಅವಳನ್ನು ಕೂಗಳತೆಯ ಆಚೆ ಕಳಿಸಬೇಕು. ಅದಕ್ಕೆ ಹೆಸರೂ ಇಟ್ಟಾಗಿದೆ, ಇಂದುಮತಿಯ ದೂರ. ಅಂಗಡಿಬೀದಿಯಲ್ಲಿ ನನ್ನನ್ನು ಕಂಡರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ. ಗಂಟಲು ಸರಿ ಮಾಡಿಕೊಂಡು, ಶಲ್ಯ ಕೊಡವುತ್ತ ನಿಂತವರ ಬಗ್ಗೆ ಯಾವ ಕಟ್ಟುಪಾಡೂ ಇಲ್ಲ. ಹುಣಸೇಮರವೂ ಹಾಗೇ ಇದೆ. ಮೊದಲು ನಾನು ಇಂಥದ್ದನ್ನು ಮನೆಗೆ ಬಂದು ಬರೆದಿಡುತ್ತಿದ್ದೆ. ಈಗ ಅಲ್ಲೇ ನಿಂತು ಅವರ ಮುಖ ನೋಡುತ್ತೇನೆ, ಅವರ ಕೈ ಕೆಳಗಿಳಿಯುವವರೆಗೆ.

ದೊಡ್ಡಪ್ಪ ಹಳೇ ಮನೆಯಲ್ಲಿ ಒಲೆ ಹಚ್ಚಿದರು, ಅಕ್ಕಿ ತುಂಬಿಸಿಕೊಂಡರು, ಗೋಡೆಗೆ ಮೊಳೆ ಹೊಡೆದು ಅಂಗಿ ತೂಗುಹಾಕಿದರು. ಮೂರನೇ ವಾರಕ್ಕೆ ಬಾಗಿಲು ಬಿಗಿಯಿತು. ಮನೆ ಅವರನ್ನು ಮತ್ತೆ ನಮ್ಮವರಲ್ಲಿ ಸೇರಿಸಿಕೊಂಡಿತ್ತು. ಒಲೆಯ ಮೇಲೆ ಅನ್ನ ಬೇಯುತ್ತಿರುವ ಹೊತ್ತಿನಲ್ಲಿ ಬಚ್ಚಲಿಗೆಂದು ಹೊರಗೆ ಬಂದವರು ಹೊರಗೇ ಉಳಿದರು. ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ಯಾರೂ ಇಲ್ಲ. ಬಳೆಗಾರ ಬರುವುದು ಸೋಮವಾರ.

ನಾನೂ ಅಜ್ಜಿಯೂ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಕಿಟಕಿಯಲ್ಲಿ ದೊಡ್ಡಪ್ಪ ಬರುವುದು ಕಂಡಿತು. ಬರಿಗಾಲು, ಹೆಗಲ ಮೇಲೆ ಶಲ್ಯವಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ನೂಕಿದರು. ಇನ್ನೊಮ್ಮೆ ನೂಕಿದರು. ಆಮೇಲೆ ಕಿಟಕಿಯ ಕಡೆ ಬಂದು ನನ್ನನ್ನು ಕಂಡರು.

"ಇಂದೂ, ಬಾಗ್ಲು ತೆಗಿಯವ್ವ. ಅಲ್ಲಿ ನನ್ ಅನ್ನ ಸೀದೋಯ್ತು, ಹಸಿವಾಗ್ತದೆ."

ಒಳಗಿದ್ದವರು ಯಾರು ಬೇಕಾದರೂ ತೆರೆಯಬಹುದು. ನಾನು ಎದ್ದರೆ ಸಾಕಿತ್ತು. ಹಿಂದಿನ ಇಂದುಮತಿ ಆಗಿದ್ದರೆ ಅವರು ಕೇಳುವ ಮೊದಲೇ ಎದ್ದಿರುತ್ತಿದ್ದಳು. ನಾನು ಕೂತೇ ಇದ್ದೆ. ಎರಡು ಬೆರಳಿನಿಂದ ತಟ್ಟಿದ ಕೆನ್ನೆ ನನ್ನ ಪಕ್ಕದಲ್ಲೇ ಇತ್ತು.

"ಅಜ್ಜೀನ ಕೇಳಿ ದೊಡ್ಡಪ್ಪ" ಎಂದೆ. ಈ ಸಲ ಚೀರಲಿಲ್ಲ.

ಅಜ್ಜಿಗೆ ಕಿವಿ ಮಂದ. ತಲೆ ಎತ್ತಿ, "ಯಾರೇ ಬಂದಿರೋದು?" ಎಂದಳು.

"ಅವರು" ಎಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕಳು. ಅವಳ ನಗುವಿಗೆ ಅಷ್ಟು ದೊಡ್ಡ ಸದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹೊರಗೆ ಗಂಟಲು ಸರಿ ಮಾಡಿಕೊಳ್ಳುವುದು ಕೇಳಿಸಿತು, ಒಂದು ಸಲ, ಎರಡು ಸಲ. ಕೊಡವಲು ಶಲ್ಯವಿರಲಿಲ್ಲ.

"ಅವ್ವಾ... ಒಳಕ್ಕೆ ಬರ್ಲಾ?" ಅಜ್ಜಿಗೂ ಕೇಳಿಸುವಷ್ಟು ಜೋರಾಗಿತ್ತು.

"ತಡಿಯಪ್ಪ" ಎಂದಳು ಅಜ್ಜಿ. "ಯೋಚ್ನೆ ಮಾಡ್ತೀನಿ."

ಮೊರವನ್ನು ಮಡಿಲಿಗೆ ಎಳೆದುಕೊಂಡು, ಉಳಿದ ಕಾಯಿಗಳನ್ನು ಒಂದೊಂದಾಗಿ ಸುಲಿಯತೊಡಗಿದಳು. ಇನ್ನೂ ಸುಮಾರು ಇದ್ದವು.